ಕೆಸರು ನೋಡಿ ಆಟ ಆರಿಸಿದ ಕರಡಿ

ಹೊಂಗೆಮರಗಳ ಒಂದು ಕಾಡು. ಕಾಡಿನ ನಡುವೆ ಒಂದು ಕೆರೆ. ಕೆರೆಯಿಂದ ಕೂಗಳತೆಯ ದೂರದಲ್ಲಿ ಒಂದು ಆಲದ ಮರ. ಮಕ್ಕಳೇ, ಈ ಕತೆ ಹೇಳಲು ಕೂತಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ಆ ಕಾಡಿನ ಪ್ರಾಣಿಗಳಿಗೆ ಆಟದ ಹುಚ್ಚು. ಸಂಜೆಯಾದರೆ ಸಾಕು, ಎಲ್ಲವೂ ಆಲದ ಮರದ ಕೆಳಗಿನ ಒಣನೆಲದಲ್ಲಿ ಸೇರುತ್ತಿದ್ದವು. ಕತೆ ಇದ್ದವರು ಆಟ ಕಟ್ಟಿ ಆಡುತ್ತಿದ್ದರು. ನೋಡಿದವರು ಒಂದು ಹಿಡಿ ನೆಲ್ಲಿಕಾಯಿಯನ್ನೋ ಒಂದು ಗೆಡ್ಡೆಯನ್ನೋ ಕೊಟ್ಟು ಹೋಗುತ್ತಿದ್ದರು. ಆಟ ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳುತ್ತಿದ್ದರು.

ಅಷ್ಟರಲ್ಲಿ ಬಂತು ನೋಡಿ, ಕರಡಿ ಜೇನಪ್ಪನ ಸವಾರಿ! ಅವನ ಗವಿಯ ತುಂಬ ಜೇನು.

"ಇನ್ನು ಮೇಲೆ ಆಟ ಕಟ್ಟುವವರಿಗೆಲ್ಲ ನಾನೇ ಜೇನು ಕೊಡುತ್ತೇನೆ. ನೋಡುವವರಿಗೂ ಮೊದಲ ತಿಂಗಳು ಬಿಟ್ಟಿ!" ಎಂದ.

ಬಿಟ್ಟಿ ಅಂದರೆ ಯಾರು ಬಿಡುತ್ತಾರೆ? ನೋಡನೋಡುತ್ತ ಆಲದ ಮರದಡಿ ಬಿಕೋ ಎನ್ನತೊಡಗಿತು.

ಜೇನಪ್ಪ ತನ್ನ ಆಟದ ಕಣವನ್ನು ಮಾಡಿಸಿದ್ದು ಕೆರೆಯ ಅಂಚಿನಲ್ಲಿ, ಜೊಂಡಿನ ಪಕ್ಕ, ಹಸಿ ಕೆಸರಿನ ಮೇಲೆ. ಯಾಕೆ ಗೊತ್ತೇ? ಕೆಸರಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಆ ಮಹಾರಾಯ ಒಂದು ಆಟವನ್ನೂ ನೋಡುವವನಲ್ಲ. ಸಂಜೆಯಾದರೆ ಜೇನು ನೆಕ್ಕಿ ಗೊರಕೆ ಹೊಡೆಯುವವನು. ಬೆಳಗ್ಗೆ ಕೊಕ್ಕರೆ ಉದ್ದಯ್ಯ ಹೋಗಿ ಕೆಸರಿನ ಮೇಲಿನ ಹೆಜ್ಜೆ ಎಣಿಸಿ ಬಂದು ವರದಿ ಒಪ್ಪಿಸಬೇಕು. ಹೆಜ್ಜೆ ಜಾಸ್ತಿ ಇದ್ದರೆ ಆ ಆಟಕ್ಕೆ ಜೇನು, ಅಂಥದ್ದೇ ಇನ್ನೊಂದು ಆಟಕ್ಕೂ ಜೇನು. ಕಮ್ಮಿ ಇದ್ದರೆ ನಿಮ್ಮ ದಾರಿ ನಿಮಗೆ. ಉದ್ದಯ್ಯನೂ ಆಟ ನೋಡಿದವನಲ್ಲ. ಹೊತ್ತು ಮುಳುಗುವ ಮೊದಲೇ ಅವನು ಗೂಡು ಸೇರುತ್ತಿದ್ದ.

ಅದೇ ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಹೋದ ಬೇಸಿಗೆಯಲ್ಲಿ ಅವಳ ಒಬ್ಬನೇ ಮಗ ನೀರು ಕುಡಿಯಲು ಆ ಜೊಂಡಿನ ಹತ್ತಿರ ಹೋದವನು ಮರಳಿ ಬರಲಿಲ್ಲ. ಅಲ್ಲಿ ತೇಲುತ್ತಿದ್ದ ದಿಮ್ಮಿ ಬಾಯಿ ತೆರೆದದ್ದನ್ನು ಸೂಜವ್ವ ಕಣ್ಣಾರೆ ಕಂಡಿದ್ದಳು. ಅದು ದಿಮ್ಮಿಯಲ್ಲ, ಮೊಸಳೆ. ಹೊಟ್ಟೆ ತುಂಬಿದರೆ ತಿಂಗಳುಗಟ್ಟಲೆ ಮಿಸುಕದೆ ಬಿದ್ದಿರುವ ಮೊಸಳೆ. ಇದನ್ನು ಹೇಳಿ ಹೇಳಿ ಅವಳ ಗಂಟಲು ಬಿದ್ದುಹೋಯಿತು.

"ದಿಮ್ಮಿ ಎಲ್ಲಾದರೂ ಮರಿ ನುಂಗುತ್ತದೆಯೇ? ಪಾಪ, ಸಂಕಟಕ್ಕೆ ತಲೆ ಕೆಟ್ಟಿದೆ" ಎಂದು ಎಲ್ಲರೂ ಲೊಚಗುಟ್ಟಿದರು.

"ಹೇಳಿದರೆ ನಂಬುವುದಿಲ್ಲ ಅಲ್ಲವೇ? ಆಡಿ ತೋರಿಸುತ್ತೇನೆ" ಎಂದು ಸೂಜವ್ವ ಹಟ ಹಿಡಿದಳು. ಮುದಿ ಆಮೆಯನ್ನು ಕಾಡಿಬೇಡಿ ದಿಮ್ಮಿಯ ಪಾತ್ರಕ್ಕೆ ಒಪ್ಪಿಸಿದಳು. ಆದರೆ ನೋಡುವವರೆಲ್ಲ ಸೇರುತ್ತಿದ್ದದ್ದು ಜೇನಪ್ಪನ ಕಣದಲ್ಲಿ, ಅಲ್ಲಿ ಹೊಸ ಆಟವನ್ನು ಮೊದಲು ಅರ್ಧ ಮಾತ್ರ ಆಡಬೇಕು. ಕೆಸರು ಒಪ್ಪಿದರೆ ಉಳಿದರ್ಧ.

ಸರಿ, ಸೂಜವ್ವ ಅರ್ಧ ಆಡಿದಳು. ನೋಡುವವರನ್ನೆಲ್ಲ ದೂರ ಕೂರಿಸಿ, ನೀರಿನ ಕಡೆಗೆ ತಾನೇ ಮುಳ್ಳು ನಿಗುರಿಸಿಕೊಂಡು ನಿಂತು ಆಡಿದಳು. ಆಟದಲ್ಲಿ ಕತ್ತಲಾಗುತ್ತದೆ, ಮಗ ಬರುವುದಿಲ್ಲ, ತಾಯಿ ದಂಡೆಯಲ್ಲಿ ನಿಂತು ಕರೆಯುತ್ತಾಳೆ. "ಬಾರೋ ಕಂದಾ, ಕತ್ತಲಾಯಿತು."

ಕೂತವರು ಕೂತಲ್ಲೇ ಕೂತಿದ್ದರು. ಒಂದು ಕಿವಿ ಅಲುಗಲಿಲ್ಲ, ಒಂದು ಬಾಲ ಆಡಲಿಲ್ಲ. ಯಾವಾಗಲೂ ನೆಗೆಯುತ್ತಿದ್ದ ಮೊಲಗಳೂ ಬಾಯಿ ತೆರೆದುಕೊಂಡು ಕೂತಿದ್ದವು.

ಅರ್ಧ ಮುಗಿದಾಗ ಜಿಂಕೆ ಚುಕ್ಕವ್ವ ತನ್ನ ಮರಿಯೊಂದಿಗೆ ಹತ್ತಿರ ಬಂದಳು. "ಸೂಜಕ್ಕಾ, ಆಮೇಲೆ? ಆ ಮರಿಗೆ ಏನಾಯಿತು?" ಅವಳ ಕಣ್ಣು ಒದ್ದೆಯಾಗಿತ್ತು.

"ಹೇಳಿದಾಗ ನೀನೂ ಲೊಚಗುಟ್ಟಿದೆಯಲ್ಲ ಚುಕ್ಕವ್ವ. ಪೂರ್ತಿ ಆಟ ನೋಡು, ಆಗ ನಂಬುತ್ತೀಯ" ಎಂದಳು ಸೂಜವ್ವ.

ಮರುದಿನ ಬೆಳಗ್ಗೆ ಗವಿಯ ಮುಂದೆ ಉದ್ದಯ್ಯ ಕೊಕ್ಕು ಒರೆಸಿಕೊಂಡು ವರದಿ ಒಪ್ಪಿಸಿದ. "ದಣೀ, ಬಂದ ಹೆಜ್ಜೆ ಇದೆ, ಹೋದ ಹೆಜ್ಜೆ ಇದೆ. ನಡುವೆ ಏನೂ ಇಲ್ಲ. ಒಬ್ಬರೂ ಕಾಲು ಎತ್ತಿ ಇಟ್ಟಿಲ್ಲ. ಸಪ್ಪೆ ಆಟ."

"ಮಂಗಗಳ ಕುಪ್ಪಳಿಕೆ ಆಟಕ್ಕೆ ಹೇಗಿತ್ತು?"

"ಅಬ್ಬಬ್ಬಾ! ಕೆಸರು ಪಾಯಸ ಆಗಿತ್ತು."

ತೀರ್ಪು ಕೇಳಲು ಬಂದು ನಿಂತಿದ್ದ ಸೂಜವ್ವನಿಗೆ ತಡೆಯಲಾಗಲಿಲ್ಲ. "ಉಸಿರು ಬಿಗಿಹಿಡಿದು ಕೂತವರು ಕಾಲು ಯಾಕ್ರೀ ಅಲುಗಾಡಿಸುತ್ತಾರೆ? ಒಂದು ದಿನ ಬಂದು ನೀವೇ ನೋಡಿ!"

"ನೋಡುವುದೇಕೆ? ಕೆಸರು ಸುಳ್ಳು ಹೇಳುವುದಿಲ್ಲ" ಎಂದ ಜೇನಪ್ಪ. "ನಿನಗೆ ಒಂದು ಒಳ್ಳೆಯ ಮಾತು ಹೇಳುತ್ತೇನೆ ಕೇಳು. ಆ ತಾಯಿ ಇದ್ದಾಳಲ್ಲ, ಅವಳಿಗೊಂದು ಕುಣಿತ ಹಾಕು. ನಾಲ್ಕು ಮಂಗಗಳನ್ನು ಸೇರಿಸು. ಕೊನೆಗೆ ಮರಿ ಬದುಕಿ ಬರಲಿ. ಆಗ ಜೇನಿನ ವಿಚಾರ ನೋಡೋಣ."

"ನನ್ನ ಮಗ ಬದುಕಿ ಬರಲಿಲ್ಲ."

"ಅದು ನಿನ್ನ ಹಣೆಬರಹ" ಎಂದು ಜೇನಪ್ಪ ಬೆರಳು ನೆಕ್ಕಿದ.

ಸೂಜವ್ವನ ಮೈಮೇಲಿನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. ಚುಚ್ಚಿಬಿಡೋಣ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಹಿಂದಿರುಗಿದಳು. ನಾನಾಗಿದ್ದರೆ ಚುಚ್ಚಿಯೇ ಬರುತ್ತಿದ್ದೆ.

ಆ ಸಂಜೆ ಕಣದಲ್ಲಿ ಮತ್ತೆ ಮಂಗಗಳ ಕುಪ್ಪಳಿಕೆ. ಎಲ್ಲರೂ ನೀರಿನ ಅಂಚಿನವರೆಗೂ ಒತ್ತಿಕೊಂಡು ಕೂತಿದ್ದರು. ಮೊಸಳೆಗೆ ಆ ದಿನ ಹಸಿವಾಗಿತ್ತು. ದಿಮ್ಮಿ ಮೆಲ್ಲಗೆ ತೇಲಿ ಬಂತು, ಬಾಯಿ ತೆರೆಯಿತು. ಅಂಚಿನಲ್ಲಿ ಕೂತಿದ್ದುದು ಚುಕ್ಕವ್ವನ ಮರಿ.

ಅಯ್ಯೋ ಎಂಬ ಕೂಗು ಬಿಲದಲ್ಲಿದ್ದ ಸೂಜವ್ವನಿಗೆ ಕೇಳಿತು. ಬಿದ್ದು ಎದ್ದು ಓಡಿ ಬಂದಳು. ಬರುವಷ್ಟರಲ್ಲಿ ಕಣ ಖಾಲಿ. ಎಲ್ಲರೂ ಒಬ್ಬರನ್ನೊಬ್ಬರು ತುಳಿದುಕೊಂಡು, ಜಾರಿಕೊಂಡು, ದಿಕ್ಕುಪಾಲಾಗಿ ಓಡಿಹೋಗಿದ್ದರು. ಚುಕ್ಕವ್ವ ಒಬ್ಬಳೇ ದಂಡೆಯಲ್ಲಿ ನಿಂತು ನೀರಿನ ಕಡೆ ನೋಡುತ್ತಿದ್ದಳು.

"ಬಾರೋ ಕಂದಾ, ಕತ್ತಲಾಯಿತು" ಎನ್ನುತ್ತಿದ್ದಳು.

ಸೂಜವ್ವ ಮುಳ್ಳುಗಳನ್ನೆಲ್ಲ ಮಡಚಿ ಅವಳ ಪಕ್ಕದಲ್ಲಿ ನಿಂತಳು. ಆಟದಲ್ಲಿ ತಾನು ಆಡಿದ ಮಾತು ಅದು. ಉಳಿದರ್ಧ ಆಡಲು ಬಿಟ್ಟಿದ್ದರೆ ಈ ಮರಿ ಉಳಿಯುತ್ತಿತ್ತು.

ಬೆಳಗಾಯಿತು. ಉದ್ದಯ್ಯ ಕಣಕ್ಕೆ ಬಂದ, ಕೆಸರು ನೋಡಿದ, ಹಾರಿ ಬಿದ್ದ. ಗವಿಗೆ ಓಡಿದ.

"ದಣೀ, ದಣೀ! ಇಂಥ ಆಟ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ! ಹೆಜ್ಜೆಯ ಮೇಲೆ ಹೆಜ್ಜೆ! ಕುಣಿದು ಕುಣಿದು ಕೆಲವರು ಬಿದ್ದು ಹೊರಳಾಡಿದ್ದಾರೆ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಜೇನಪ್ಪನೂ ಹಾಗೇ. "ಭಲೇ! ಇವತ್ತು ಸಂಜೆ ಅದೇ ಆಟ, ಅದೇ ಜಾಗ! ಮಂಗಗಳಿಗೆ ಎರಡರಷ್ಟು ಜೇನು!" ಎಂದ.

ಸೂಜವ್ವ ಗವಿಯ ಬಾಗಿಲಲ್ಲೇ ನಿಂತಿದ್ದಳು. "ಅದು ಕುಣಿದ ಹೆಜ್ಜೆ ಅಲ್ಲ ಕಣ್ರೋ, ಪ್ರಾಣ ಉಳಿಸಿಕೊಳ್ಳಲು ಓಡಿದ ಹೆಜ್ಜೆ! ಒಂದು ಮಗು ಹೋಗಿದೆ. ನಿಮ್ಮ ತಲೆಯಲ್ಲಿ ಇರುವುದು ಮಿದುಳೋ, ಅದೇ ಕೆರೆಯ ಕೆಸರೋ?"

"ಹೊಟ್ಟೆಕಿಚ್ಚು" ಎಂದ ಉದ್ದಯ್ಯ.

"ಹೌದು, ತನ್ನ ಆಟ ಓಡಲಿಲ್ಲವಲ್ಲ ಅಂತ ಇವಳಿಗೆ" ಎಂದ ಜೇನಪ್ಪ. "ಇಂಥ ಆಟವನ್ನು ಇವತ್ತು ನಾನೇ ನೋಡುತ್ತೇನೆ. ಎಲ್ಲರಿಗಿಂತ ಮುಂದೆ ಕೂರುತ್ತೇನೆ."

ಸಂಜೆ ಜೇನಪ್ಪ ಠೀವಿಯಿಂದ ಬಂದು ನೀರಿನ ಅಂಚಿನಲ್ಲಿ ಕೂತ. ಎಡಕ್ಕೆ ನೋಡಿದ, ಯಾರೂ ಇಲ್ಲ. ಬಲಕ್ಕೆ ನೋಡಿದ, ಯಾರೂ ಇಲ್ಲ. ಮಂಗಗಳು ಕೂಡ ಜೇನು ತೆಗೆದುಕೊಂಡು ಪರಾರಿ. ಎದುರಿಗೆ ಒಂದು ದಿಮ್ಮಿ ಮಾತ್ರ ಇತ್ತು. ಕಾಲು ಚಾಚಿ ಕೂರೋಣವೆಂದು ಜೇನಪ್ಪ ಅದರ ಮೇಲೆ ಕಾಲಿಟ್ಟ.

ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಹೇಗೋ ಕಾಲು ಕಿತ್ತುಕೊಂಡ. ಅರಚುತ್ತ, ಉರುಳುತ್ತ, ಗವಿಯವರೆಗೂ ಓಡಿದ.

ಬೆಳಗ್ಗೆ ಉದ್ದಯ್ಯ ಕೊಕ್ಕು ಅಗಲಿಸಿಕೊಂಡು ಬಂದ. "ದಣೀ, ನಿನ್ನೆ ನೋಡಿದವರು ಒಬ್ಬರೇ. ಆದರೆ ಏನು ಹೆಜ್ಜೆ, ಏನು ಹೆಜ್ಜೆ! ಕಣದಿಂದ ಇಲ್ಲಿಯವರೆಗೂ ಕುಣಿದುಕೊಂಡೇ ಬಂದಿದ್ದಾರೆ! ಇವತ್ತೂ ಅದೇ ಆಟ ಇಡೋಣವೇ?"

"ಬಾಯಿ ಮುಚ್ಚೋ ದರಿದ್ರದವನೇ!" ಎಂದು ಜೇನಪ್ಪ ಖಾಲಿ ಗಡಿಗೆ ಬೀಸಿ ಒಗೆದ.

ಕುಂಟಿಕೊಂಡು ಅವನು ಆಲದ ಮರದ ಹತ್ತಿರ ಬಂದ. ಸೂಜವ್ವ ಅಲ್ಲಿ ನೆಲ ಗುಡಿಸುತ್ತಿದ್ದಳು. "ಸೂಜವ್ವ, ತಪ್ಪಾಯಿತು. ನಿನ್ನ ಆಟಕ್ಕೆ ಎಷ್ಟು ಬೇಕಾದರೂ ಜೇನು ತಗೋ" ಎಂದ.

"ನಿಮ್ಮ ಕಾಲಿಗೆ ಹಲ್ಲು ತಾಗಿದ ಮೇಲೆ ನಿಮಗೆ ಕಣ್ಣು ಬಂತೇ?" ಸೂಜವ್ವನ ಮುಳ್ಳು ಇಳಿಯಲಿಲ್ಲ. "ಜೇನು ಚುಕ್ಕವ್ವನ ಮಗುವಿಗೆ ಕೊಡಿ. ಅದು ಎದ್ದು ಬಂದು ನೆಕ್ಕಿದರೆ ಆಮೇಲೆ ನನಗೆ ಕೊಡುವಿರಂತೆ."

ಜೇನಪ್ಪ ತಲೆ ತಗ್ಗಿಸಿ ನಿಂತ. ನಿಲ್ಲಲಿ.

ಆ ಸಂಜೆ ಆಲದ ಮರದ ಕೆಳಗೆ ಪೂರ್ತಿ ಆಟ ನಡೆಯಿತು. ಆಮೆ ದಿಮ್ಮಿಯಾಗಿ ತೇಲಿ ಬಂದು ಬಾಯಿ ತೆರೆಯಿತು. ಎಲ್ಲರಿಗಿಂತ ಮುಂದೆ ಚುಕ್ಕವ್ವ ಕೂತಿದ್ದಳು. ತಾಯಂದಿರು ತಮ್ಮ ಮರಿಗಳನ್ನು ತಬ್ಬಿಕೊಂಡರು. ಯಾರೂ ಅಲುಗಾಡಲಿಲ್ಲ.

ಬೆಳಗ್ಗೆ ಉದ್ದಯ್ಯ ಅಭ್ಯಾಸಬಲದಿಂದ ಅಲ್ಲಿಗೂ ಬಂದ. ಒಣನೆಲದ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ. ಅಂದಿನಿಂದ ಆ ಜೊಂಡಿನ ಬಳಿ ಒಂದು ಮರಿಯೂ ನೀರಿಗೆ ಇಳಿಯಲಿಲ್ಲ.

ನೀತಿ: ತಾನು ನೋಡದೆ ಬರೀ ಹೆಜ್ಜೆ ಎಣಿಸಿ ತೀರ್ಪು ಕೊಡುವವನಿಗೆ ಕುಣಿತಕ್ಕೂ ಓಟಕ್ಕೂ ವ್ಯತ್ಯಾಸ ತಿಳಿಯದು, ಅವನ ತಪ್ಪಿಗೆ ಮೊದಲು ಬಲಿಯಾಗುವುದು ಬೇರೆಯವರ ಮಕ್ಕಳು.