ಗೊಂಬೆಗಾರನ ಮಗಳ ಮೊಣಕೈ

"ಬುದ್ಧಿ, ನನ್ನ ಕೈಗೆ ಒಪ್ಪಿಸಿದ ಮಕ್ಕಳಿಗೆ ಒಂದು ಗೀರೂ ಬೀಳದಂತೆ ಕಾಯುವುದು ಹೇಗೆ?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮಠದ ಹುಡುಗರಿಗೆ ಈಜು ಕಲಿಸುವ ಹೊಣೆ ಅವನದು. ಮಳೆಗಾಲದಲ್ಲೂ ಹೊಳೆ ದಾಟಿ ಭಿಕ್ಷೆಗೆ ಹೋಗಬೇಕಾದವರಿಗೆ ಈಜು ಬಾರದಿದ್ದರೆ ಆಗದು. ಬೇಸಿಗೆಯ ಮೊದಲಲ್ಲಿ ಒಬ್ಬ ಹುಡುಗ ನೀರು ಕುಡಿದು ಮುಳುಗುತ್ತಿದ್ದ; ಸಿದ್ಧ ಜುಟ್ಟು ಹಿಡಿದು ಎಳೆದು ತಂದಿದ್ದ. ಅಂದಿನಿಂದ ಈಜಿನ ಪಾಠ ನಿಂತಿತ್ತು, ಹೊಳೆಯ ಕಡೆಯ ಬಾಗಿಲಿಗೆ ಬೀಗ. ಬೀಗದ ಕೈ ಅವನ ಸೊಂಟದಲ್ಲಿ. ಆದರೂ ಅವನ ಭಯ ಹೋಗಿರಲಿಲ್ಲ. ಆಗಲೇ ಮೋಡ ಕಟ್ಟತೊಡಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಗೊಂಬೆಗಾರನಿದ್ದ. ಮರದ ಗೊಂಬೆಗೆ ಕೀಲು ಜೋಡಿಸುವುದರಲ್ಲಿ ಅವನ ಕೈ ಪಳಗಿತ್ತು. ಮನುಷ್ಯರ ಮೈ ನೋಡಿಯೇ ಕಲಿತಿದ್ದ. ಮೊಣಕೈ ಕದದಂತೆ ಒಂದೇ ಕಡೆಗೆ ಮಡಚುತ್ತದೆ. ಭುಜ ಒರಳಿನ ಗುಂಡಿನಂತೆ ಸುತ್ತಲೂ ತಿರುಗುತ್ತದೆ. ಬೆನ್ನೆಲುಬು ಒಂದೇ ಕೋಲಲ್ಲ, ಪೋಣಿಸಿದ ತುಣುಕುಗಳು. ಎರಡು ತುಂಡು ಕೂಡುವಲ್ಲೆಲ್ಲ ಅವನು ನೂಲಿನೆಳೆಯಷ್ಟು ಸಂದು ಬಿಡುತ್ತಿದ್ದ. ಬಿಡದಿದ್ದರೆ ಗೊಂಬೆ ಕುಣಿಯದು.

ಅವನಿಗೆ ಒಬ್ಬಳೇ ಮಗಳು. ಸೂತ್ರ ಹಿಡಿದು ಗೊಂಬೆ ಕುಣಿಸುವವಳು ಅವಳೇ. ಒಂದು ದಿನ ಅವಳು ಅಟ್ಟದಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಮೂಳೆ ಕೂರಿಸುವ ಮುದುಕಿ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದಳು.

"ಹುಣ್ಣಿಮೆಗೆ ಬಿಚ್ಚಪ್ಪಾ. ಆಮೇಲೆ ದಿನಾ ಚೂರುಚೂರೇ ಮಡಚಿಸು. ಅಳ್ತಾಳೆ, ಅಳ್ಲಿ, ಬಿಡಬೇಡ" ಎಂದು ಹೇಳಿ ಹೋದಳು.

ಹುಣ್ಣಿಮೆಗೆ ಅವನು ಬಿಚ್ಚಿದ. ಮಡಚಲು ಹೋದರೆ ಮಗಳು ಚೀರಿದಳು. ಇನ್ನಷ್ಟು ದಿನ ಇರಲಿ ಎಂದು ಮತ್ತೆ ಕಟ್ಟಿದ. ಅಮಾವಾಸ್ಯೆಗೂ ಅದೇ ಆಯಿತು. ಆಮೇಲೆ ಮುದುಕಿಯ ಮಾತನ್ನು ನೆನೆಯುವುದನ್ನೇ ಬಿಟ್ಟ. ಕಟ್ಟು ಮಾತ್ರ ಪ್ರತಿ ಸಲವೂ ಹಿಂದಿಗಿಂತ ಬಿಗಿಯಾಗುತ್ತಿತ್ತು. ಉಣ್ಣುತ್ತಿದ್ದವನು ತಟ್ಟೆ ಬಿಟ್ಟೆದ್ದು ಬಂದು ಗಂಟು ಮುಟ್ಟಿ ನೋಡುತ್ತಿದ್ದ.

ಆ ಭಯದಲ್ಲೇ ಅವನು ಒಂದು ಹೊಸ ಗೊಂಬೆ ಮಾಡಿ ಮುಗಿಸಿದ. ಮಗಳು ಅದನ್ನು ಎಡಗೈಯಲ್ಲಿ ಎತ್ತಿ ಆಡಿಸಿ ನೋಡಿದಳು.

"ಅಪ್ಪಾ, ಇದರ ಕೈ ಮಡಚ್ತಾನೇ ಇಲ್ಲ. ಕೀಲಲ್ಲಿ ಸಂದೇ ಬಿಟ್ಟಿಲ್ಲ ನೀನು."

"ಹೌದೇ? ಕೊಡಮ್ಮ, ಸಡಿಲ ಮಾಡ್ತೀನಿ. ಅಷ್ಟು ಬಿಗಿದ್ರೆ ಅದು ಕೈಯಲ್ಲ, ಬರೀ ಕಟ್ಟಿಗೆ" ಎಂದು ಅವನು ಕೈ ಚಾಚಿದ.

ಚಾಚಿದ ಕೈ ಅಲ್ಲೇ ನಿಂತಿತು. ಮಗಳ ದಬ್ಬೆ ಕಟ್ಟಿದ ತೋಳು ಕಣ್ಣಿಗೆ ಬಿದ್ದಿತ್ತು. ಅವನು ಗೊಂಬೆಯನ್ನು ಪಕ್ಕಕ್ಕಿಟ್ಟು, ಅವಳ ಕಟ್ಟಿನ ಗಂಟು ಬಿಚ್ಚತೊಡಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಿದ್ಧ ಕೇಳಿದ:

"ಆಮೇಲೆ ಕೈ ಮಡಚಿತೇ, ಬುದ್ಧಿ?"

"ಅದು ಅವನು ಎಷ್ಟು ತಡ ಮಾಡಿದ್ದ ಎಂಬುದರ ಮೇಲಿದೆ. ಸಿದ್ಧಾ, ನೀನು ಬಾಗಿಲಿಗೆ ಬೀಗ ಹಾಕಿ ಎಷ್ಟು ದಿನವಾಯಿತು?"