ಓದದೆ ಬರೆದ ಎರಡು ಸಾಲು

ಹೊಳಲ್ಕೆರೆ ಹತ್ತಿರದ ಒಂದು ಊರಿನ ಪಶು ಆಸ್ಪತ್ರೆಯಲ್ಲಿ ತಿಪ್ಪೇಸ್ವಾಮಿ ಎಂಬ ಕಾಂಪೌಂಡರ್ ಇದ್ದ. ಇಪ್ಪತ್ತು ವರ್ಷ ದನಕರುಗಳಿಗೆ ಔಷಧಿ ಕುಡಿಸಿ, ಗಾಯ ತೊಳೆದು ಪಟ್ಟಿ ಕಟ್ಟಿದವನು. ದನ ಹಿಡಿದುಕೊಂಡು ಬಂದವರು ಸುಮ್ಮನೆ ನಿಲ್ಲುವುದಿಲ್ಲ, ಮನೆಯ ಸುಖದುಃಖವನ್ನೂ ಹೇಳಿಕೊಳ್ಳುತ್ತಾರೆ. ಅದನ್ನೆಲ್ಲ ಅವನು ಊಟಕ್ಕೆ ಕೂತಾಗ ಹೆಂಡತಿ ವನಜಾಕ್ಷಿಗೆ ಹೇಳುತ್ತಿದ್ದ.

ಒಂದು ದಿನ ವನಜಾಕ್ಷಿ, "ನನಗೆ ಹೇಳಿದ ಹಾಗೇ ಬರೀರಿ. ಈಗ ಎಲ್ಲರೂ ಫೋನಿನಲ್ಲೇ ಕಥೆ ಬರೀತಾರಂತೆ," ಎಂದಳು.

ತಿಪ್ಪೇಸ್ವಾಮಿ ಕಥೆಗಳ ಆ್ಯಪ್ ಒಂದನ್ನು ಹಾಕಿಸಿಕೊಂಡು ಮೊದಲ ಕಥೆ ಬರೆದ. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಮೇವು ಬಿಟ್ಟ ಎಮ್ಮೆಯ ಕಥೆ ಅದು. ಯಾರನ್ನೂ ಹಾಲು ಕರೆಯಲು ಬಿಡುತ್ತಿರಲಿಲ್ಲ. ಕೊನೆಗೆ ಸೊಸೆ ಅತ್ತೆಯ ಸೀರೆ ಉಟ್ಟು ಕೂತಾಗ ಅದು ಸುಮ್ಮನೆ ನಿಂತಿತು.

ಆ ವಾರ ಕಥೆಯನ್ನು ಆರು ಜನ ಓದಿದರು. ಐದು ಜನ ನೆಂಟರು. ಆರನೆಯವಳು ಗುರುತಿಲ್ಲದವಳು, ಗಂಗಾವತಿಯ ಸುಲೋಚನಾ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಅವಳು ಕಥೆಯ ಕೆಳಗೆ ಹೀಗೆ ಬರೆದಿದ್ದಳು:

"ಸರ್, ನನ್ನ ಮಗಳು ಭೂಮಿಕಾಗೆ ಹನ್ನೊಂದು ವರ್ಷ. ಹೃದಯದ ಕಾಯಿಲೆ, ಹೆಚ್ಚು ಓಡಾಡುವಂತಿಲ್ಲ. ನಿಮ್ಮ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಆ ಎಮ್ಮೆಗೆ ಹೆಸರೇನು ಅಂತ ಕೇಳುತ್ತಿದ್ದಾಳೆ."

ತಿಪ್ಪೇಸ್ವಾಮಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಮ್ಮೆಯ ಹೆಸರು ಚಂದ್ರಿ ಎಂದು ಬರೆದ. ಅದು ಈಗ ಹೇಗಿದೆ, ಸೊಸೆಗೆ ಹೇಗೆ ಹೊಂದಿಕೊಂಡಿದೆ ಎಂಬುದನ್ನೂ ಬರೆದ. ಮುಂದಿನ ಕಥೆಗಳಲ್ಲಿ ಆಡಿಗೆ, ಕರುವಿಗೆ, ಕೊನೆಗೆ ಆಸ್ಪತ್ರೆಯ ಹಿಂದೆ ಮಲಗುವ ನಾಯಿಗೂ ಹೆಸರಿಟ್ಟ. ಭೂಮಿಕಾ ಪ್ರತಿ ಕಥೆಗೂ ಪ್ರಶ್ನೆ ಕೇಳಿ ಕಳಿಸುತ್ತಿದ್ದಳು. ಅವನು ಯೋಚಿಸಿ ಉತ್ತರ ಬರೆಯುತ್ತಿದ್ದ. ಈ ಮಾತುಕತೆ ಓದಿದ ಬೇರೆಯವರೂ ತಮ್ಮ ಮನೆಯ ದನಗಳ ಸುದ್ದಿ ಬರೆಯತೊಡಗಿದರು. ನಾಲ್ಕು ತಿಂಗಳಲ್ಲಿ ಅವನಿಗೆ ಇಪ್ಪತ್ತಮೂರು ಜನ ಓದುಗರಾದರು.

ಅಷ್ಟರಲ್ಲಿ ಅವನ ಕಣ್ಣು ಬೇರೆಡೆ ಹೋಯಿತು. ಆ ಆ್ಯಪ್‌ನಲ್ಲಿ ಸಾವಿರ ಓದುಗರಾದವರ ಹೆಸರಿನ ಪಕ್ಕ ಹೊಂಬಣ್ಣದ ನಕ್ಷತ್ರ ಬರುತ್ತಿತ್ತು. ತನ್ನ ಹೆಸರಿನ ಪಕ್ಕ ಅದಿಲ್ಲವೆಂಬುದು ಅವನನ್ನು ಕೊರೆಯತೊಡಗಿತು. ಎಂಟು ಸಾವಿರ ಓದುಗರಿದ್ದ ಪುಟ್ಟಸ್ವಾಮಯ್ಯ ಎಂಬ ಹಿರಿಯ ಬರಹಗಾರರಿಗೆ ಫೋನ್ ಮಾಡಿ ದಾರಿ ಕೇಳಿದ.

"ಬಹಳ ಸುಲಭ ತಿಪ್ಪೇಸ್ವಾಮಿ," ಎಂದರು ಅವರು. "ದಿನಕ್ಕೆ ಐವತ್ತು ಜನರ ಬರಹಕ್ಕೆ ಹೋಗಿ ಹೊಗಳಿ ಬನ್ನಿ. ಅವರು ನಿಮ್ಮ ಕಥೆಗೆ ಬಂದು ಹೊಗಳ್ತಾರೆ."

"ಐವತ್ತು ಬರಹ ಓದೋಕೆ ಸಮಯ ಎಲ್ಲಿದೆ ಸರ್? ನನಗೆ ಆಸ್ಪತ್ರೆ ಕೆಲಸ ಇದೆ."

"ಓದಿ ಅಂತ ನಾನೆಲ್ಲಿ ಹೇಳಿದೆ? ಎರಡು ಸಾಲು ಬರೆದಿಟ್ಟುಕೊಳ್ಳಿ. ಹೋದ ಕಡೆ ಅದನ್ನೇ ಅಂಟಿಸಿ."

ತಿಪ್ಪೇಸ್ವಾಮಿ ಎರಡು ಸಾಲು ಬರೆದಿಟ್ಟುಕೊಂಡ. "ಬಹಳ ಸೊಗಸಾಗಿದೆ, ಓದಿ ಮನಸ್ಸಿಗೆ ಖುಷಿಯಾಯಿತು. ಹೀಗೇ ಬರೆಯುತ್ತಿರಿ, ಬಿಡುವಾದಾಗ ನನ್ನ ಕಥೆಗಳನ್ನೂ ಓದಿ." ಬೆಳಿಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಅದನ್ನು ಐವತ್ತು ಕಡೆ ಅಂಟಿಸಿ ಬರುತ್ತಿದ್ದ.

ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ವನಜಾಕ್ಷಿ ಒಮ್ಮೆ ಕೇಳಿದಳು. "ಇಷ್ಟು ಬೇಗ ಎಲ್ಲಾ ಓದಿದ್ರಾ?"

"ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡು," ಎಂದ.

ಪುಟ್ಟಸ್ವಾಮಯ್ಯನವರು ಹೇಳಿದ್ದು ಸುಳ್ಳಾಗಲಿಲ್ಲ. ಓದುಗರು ನೂರಾದರು, ನಾನೂರಾದರು, ಒಂಬೈನೂರು ದಾಟಿದರು. ಈಗ ಒಂದೊಂದು ಕಥೆಗೂ ಇನ್ನೂರು ಕಾಮೆಂಟ್. ಎಲ್ಲಕ್ಕೂ ಅವನು "ಧನ್ಯವಾದಗಳು" ಎಂದು ಅಂಟಿಸುತ್ತಿದ್ದ. ಭೂಮಿಕಾಳ ಪ್ರಶ್ನೆಗಳಿಗೂ ಅದೇ "ಧನ್ಯವಾದಗಳು" ಸಿಕ್ಕಿತು. "ಕಾಂಪೌಂಡರ್ ಮಾಮ ಯಾಕೆ ಮಾತಾಡುತ್ತಿಲ್ಲ ಅಂತ ಮಗಳು ಕೇಳುತ್ತಿದ್ದಾಳೆ," ಎಂದು ಸುಲೋಚನಾ ಒಮ್ಮೆ ಬರೆದಳು. ಭಾನುವಾರ ನಿಧಾನವಾಗಿ ಉತ್ತರಿಸೋಣ ಎಂದುಕೊಂಡ. ಭಾನುವಾರ ಮರೆತ. ಆಮೇಲೆ ಅವಳ ಕಾಮೆಂಟ್ ಬರುವುದು ನಿಂತಿತು. ಇನ್ನೂರರಲ್ಲಿ ಒಂದು ಕಡಿಮೆಯಾದದ್ದು ಅವನಿಗೆ ತಿಳಿಯಲೇ ಇಲ್ಲ.

ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ವನಜಾಕ್ಷಿ ಫೋನ್ ಹಿಡಿದು ಆಸ್ಪತ್ರೆಗೇ ಬಂದಳು. ಅವಳು ಎಂದೂ ಹಾಗೆ ಬಂದವಳಲ್ಲ.

"ಇದನ್ನ ನೀವು ಓದಿದ್ರಾ?" ಎಂದು ಕೇಳಿದಳು.

"ಯಾವುದು?"

"ಸುಲೋಚನಾ ಬರೆದಿರೋದು. ಕೆಳಗೆ ನಿಮ್ಮ ಹೆಸರಿದೆ. ಅದಕ್ಕೇ ಕೇಳಿದೆ."

ತಿಪ್ಪೇಸ್ವಾಮಿ ಫೋನ್ ತೆಗೆದುಕೊಂಡ. ಬರಹದ ಹೆಸರು 'ಮಧ್ಯಾಹ್ನ ಮೂರು ಗಂಟೆ'. ಸುಲೋಚನಾ ಬರೆದ ಮೊಟ್ಟಮೊದಲ ಬರಹ. ಅವನು ನಿಂತಲ್ಲೇ ಓದಿದ.

"ಮೂರು ಗಂಟೆಗೆ ಮಗಳಿಗೆ ಔಷಧಿ. ಅದು ಕಹಿ. ಕುಡಿದರೆ ಕಥೆ ಓದುತ್ತೇನೆ ಎಂದು ಹೇಳಿ ಕುಡಿಸುತ್ತಿದ್ದೆ. ಎಮ್ಮೆಯ ಕಥೆ ಅವಳಿಗೆ ಬಾಯಿಪಾಠವಾಗಿತ್ತು, ಆದರೂ ಅದನ್ನೇ ಓದು ಎನ್ನುತ್ತಿದ್ದಳು. ಹೋದ ಸೋಮವಾರವೂ ಅದನ್ನೇ ಓದುತ್ತಿದ್ದೆ. ಸೊಸೆ ಸೀರೆ ಉಡುವ ಜಾಗಕ್ಕೆ ಬಂದಾಗ ಮಗಳ ಕೈ ನನ್ನ ಮಡಿಲಿನಿಂದ ಜಾರಿತು. ನೋಡಿದೆ. ಅವಳು ಹೋಗಿದ್ದಳು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಅದಕ್ಕೆ ಉಳಿದದ್ದನ್ನೂ ಓದಿ ಮುಗಿಸಿ, ಆಮೇಲೆ ಅಕ್ಕಪಕ್ಕದವರನ್ನು ಕರೆದೆ."

ಅದರ ಕೆಳಗೆ ಬಂದ ಮೊದಲ ಮಾತು ತಿಪ್ಪೇಸ್ವಾಮಿಯದು. "ಬಹಳ ಸೊಗಸಾಗಿದೆ, ಓದಿ ಮನಸ್ಸಿಗೆ ಖುಷಿಯಾಯಿತು. ಹೀಗೇ ಬರೆಯುತ್ತಿರಿ, ಬಿಡುವಾದಾಗ ನನ್ನ ಕಥೆಗಳನ್ನೂ ಓದಿ."

ಅವನ ಹೆಸರು ನೋಡಿ ಬಂದ ಹದಿನೈದು ಇಪ್ಪತ್ತು ಜನ ಅಂಥದ್ದೇ ಸಾಲು ಅಂಟಿಸಿ ಹೋಗಿದ್ದರು. "ಮುಂದಿನ ಭಾಗ ಯಾವಾಗ?" ಎಂದು ಒಬ್ಬರು ಕೇಳಿದ್ದರು. ಸುಲೋಚನಾ ಯಾರಿಗೂ ಏನೂ ಹೇಳಿರಲಿಲ್ಲ. ತಿಪ್ಪೇಸ್ವಾಮಿಗೆ ಮಾತ್ರ, "ನಮಸ್ಕಾರ ಸರ್," ಎಂದು ಬರೆದಿದ್ದಳು.

ತಿಪ್ಪೇಸ್ವಾಮಿ ತನ್ನ ಫೋನ್ ತೆಗೆದು ಆ ಬರಹದ ಕೆಳಗಿದ್ದ ಎರಡು ಸಾಲನ್ನು ಅಳಿಸಿಹಾಕಿದ.

"ಅಳಿಸಿದ್ರೆ ಅವಳು ಓದಿದ್ದು ಹೋಗುತ್ತಾ?" ಎಂದಳು ವನಜಾಕ್ಷಿ.

ಸುಲೋಚನಾಗೆ ಅವನು ಕ್ಷಮೆ ಕೇಳಿ ಬರೆದ. ಮನೆಗೆ ಬರಬಹುದೇ ಎಂದು ಕೇಳಿದ. ಎರಡು ದಿನ ಬಿಟ್ಟು ಉತ್ತರ ಬಂತು. ಮನೆಯ ವಿಳಾಸ, ಅದರ ಕೆಳಗೆ "ಬರ್ರಿ" ಎಂಬ ಒಂದೇ ಮಾತು. ಭಾನುವಾರ ಗಂಡಹೆಂಡತಿ ಬಸ್ಸು ಬದಲಾಯಿಸುತ್ತ ಗಂಗಾವತಿಗೆ ಹೋದರು.

ಒಂದೇ ಕೋಣೆಯ ಮನೆ. ಮಗಳ ಮಂಚ ತೆಗೆದ ಜಾಗಕ್ಕೆ ಹೊಲಿಗೆ ಮೆಷಿನ್ ಬಂದಿತ್ತು. ಸುಲೋಚನಾ ಇಬ್ಬರಿಗೂ ಚಾಪೆ ಹಾಸಿ ಚಹಾ ಕೊಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಿಪ್ಪೇಸ್ವಾಮಿಗೆ ಮಾತು ಶುರು ಮಾಡುವುದು ಸುಲಭವಾಗುತ್ತಿತ್ತು.

"ತಪ್ಪಾಯ್ತಮ್ಮ," ಎಂದ. "ನಾನು ಓದಿರಲಿಲ್ಲ. ಬರೆದದ್ದು ನೀವು ಅನ್ನೋದನ್ನೂ ನೋಡಿರಲಿಲ್ಲ."

"ಗೊತ್ತಾತ್ರಿ ಸರ್," ಎಂದಳು ಸುಲೋಚನಾ. "ಮೊದಲ ಗೊತ್ತಾಗಲಿಲ್ಲ. ನಿಮ್ಮ ಹೆಸರು ನೋಡಿ, ಸರ್ ಓದ್ಯಾರ, ಭೂಮಿಕಾ ಬಗ್ಗೆ ಏನರ ಬರದಿರ್ತಾರ ಅಂತ ತೆಗದೆ. ಖುಷಿ ಆತು ಅಂತ ಇತ್ತು. ನಾನ ಏನರ ತಪ್ಪು ಬರದೇನೇನೋ ಅಂತ ನನ್ನ ಬರಹಾನ ಮತ್ತೊಮ್ಮೆ ಓದಿದೆ. ಆಮ್ಯಾಲ ತಿಳೀತು."

ಸುಲೋಚನಾ ವನಜಾಕ್ಷಿಯ ಕಡೆ ತಿರುಗಿದಳು.

"ನೀವು ಓದಿರೇನ್ರಿ ಅಕ್ಕಾರ?"

"ಓದಿದೆ ಕಣಮ್ಮ. ಎರಡು ಸಲ ಓದಿದೆ. ನೀನು ಕಥೆ ಪೂರ್ತಿ ಓದಿ ಮುಗಿಸಿದ್ಯಲ್ಲ, ಅಲ್ಲಿ ನನಗೆ ಮುಂದೆ ಹೋಗೋಕೇ ಆಗಲಿಲ್ಲ."

ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಸುಲೋಚನಾ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ವನಜಾಕ್ಷಿ ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈ ಇಟ್ಟಳು.

ಹೊರಡುವಾಗ ತಿಪ್ಪೇಸ್ವಾಮಿ, "ನೀವು ಚೆನ್ನಾಗಿ ಬರೀತೀರಿ. ಬರೆಯೋದನ್ನ ಬಿಡಬೇಡಿ. ಇನ್ನು ಮೇಲೆ ನಾನು ಒಂದಕ್ಷರ ಬಿಡದೆ ಓದ್ತೀನಿ," ಎಂದ.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಸರ್. ನಿಮ್ಮ ಕಥಿಯಿಂದ ನನ್ನ ಮಗಳು ಎಷ್ಟೋ ದಿನ ನಕ್ಕಾಳ. ಅದನ್ನ ನಾ ಮರಿಯೂದಿಲ್ಲ," ಎಂದಳು ಸುಲೋಚನಾ. "ಆದ್ರ ಬರೀಬೇಕಂದ್ರ ಯಾರರ ಓದ್ತಾರ ಅಂತ ನಂಬಿಕಿ ಬೇಕಲ್ರಿ. ನನಗ ಅದು ಇನ್ನ ಬರೂದಿಲ್ಲ."

ಆ ವಾರವೇ ತಿಪ್ಪೇಸ್ವಾಮಿಯ ಹೆಸರಿನ ಪಕ್ಕ ನಕ್ಷತ್ರ ಬಂತು. ಮನೆಯಲ್ಲಿ ಅದನ್ನು ಅವನು ಯಾರಿಗೂ ತೋರಿಸಲಿಲ್ಲ. ಮುಂದಿನ ಕಥೆ ಹಾಕುವಾಗ ಕೈತಪ್ಪಿ ಒಂದು ಇಡೀ ಪುಟ ಎರಡು ಸಲ ಬಂದಿತ್ತು. ಇನ್ನೂರ ಹತ್ತು ಜನ ಅದನ್ನು ಹೊಗಳಿದರು. ಪುಟ ಎರಡು ಸಲ ಬಂದಿದೆ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದವಳು ವನಜಾಕ್ಷಿ.

ಅವರೆಲ್ಲ ತನ್ನ ಹಾಗೇ ಓದದೆ ಹೊಗಳುವವರು ಎಂಬುದು ಆಗ ಅವನಿಗೆ ಕಂಡಿತು. ಅಂಟಿಸಲು ಬರೆದಿಟ್ಟುಕೊಂಡಿದ್ದ ಆ ಎರಡು ಸಾಲನ್ನು ಫೋನಿನಿಂದಲೇ ತೆಗೆದುಹಾಕಿದ. ದಿನಕ್ಕೆ ಒಬ್ಬರು ಹೊಸ ಬರಹಗಾರರ ಒಂದೇ ಒಂದು ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದತೊಡಗಿದ. ಯಾವ ಮಾತು ಹಿಡಿಸಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಬರೆಯುತ್ತಿದ್ದ. ಹೇಳಲು ಏನೂ ತೋಚದಿದ್ದರೆ "ಓದಿದೆ" ಎಂದಷ್ಟೇ ಬರೆಯುತ್ತಿದ್ದ. ಹೊಗಳಿಕೆ ಸಿಗದೆ ಬಹಳ ಜನ ಅವನನ್ನು ಬಿಟ್ಟುಹೋದರು. ನಕ್ಷತ್ರವೂ ಹೋಯಿತು. ಈಗ ಅವನ ಕಥೆಗಳಿಗೆ ನಲವತ್ತು ಜನ ಬರುತ್ತಾರೆ. ಪ್ರಶ್ನೆ ಕೇಳುತ್ತಾರೆ, ಜಗಳವಾಡುತ್ತಾರೆ, ಒಂದು ವಾರ ಅವನು ಬರೆಯದಿದ್ದರೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ.

ಸುಲೋಚನಾಳ ಪುಟವನ್ನು ಅವನು ಆಗಾಗ ತೆರೆದು ನೋಡುತ್ತಾನೆ. ಎರಡು ವರ್ಷವಾಯಿತು. ಅಲ್ಲಿ ಇಂದಿಗೂ ಒಂದೇ ಬರಹ ಇದೆ.

ನೀತಿ: ನನ್ನನ್ನು ಓದಲಿ ಎಂದು ಬಯಸುವವನು ಮೊದಲು ಇನ್ನೊಬ್ಬರನ್ನು ಓದಬೇಕು. ಓದದೆ ಆಡಿದ ಹೊಗಳಿಕೆಯಿಂದ ಜನ ಸೇರಬಹುದು, ಆದರೆ ಅವರು ಓದುಗರಲ್ಲ. ಹೊಸದಾಗಿ ಬರೆಯುವವರು ಬಹಳ ಕಷ್ಟಪಟ್ಟು ಬಾಯಿ ತೆರೆದಿರುತ್ತಾರೆ. ಅವರ ಮಾತಿಗೆ ಕಿವಿಗೊಡಲು ಸಮಯವಿಲ್ಲದಿದ್ದರೆ ಸುಮ್ಮನಿರಿ, ಕೇಳಿದೆ ಎಂದು ಮಾತ್ರ ಸುಳ್ಳು ಹೇಳಬೇಡಿ.