ಬಿದ್ದ ವಿಮಾನವೂ ಹೆಣ್ಣು ಹದ್ದೂ

ವಾಯುಪಡೆಯ ನೆಲೆಯ ಹೊರಗೆ ಯುದ್ಧವಿಮಾನವೊಂದು ಮುರಿದು ಬಿದ್ದಿತ್ತು. ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡಿದ್ದ. ಗಂಡನನ್ನು ಹುಡುಕುತ್ತ ಬಂದ ಹೆಣ್ಣು ಹದ್ದು ವಿಮಾನದ ಇಂಜಿನ್ನಿನಲ್ಲಿ ಅವನ ಗರಿಗಳನ್ನು ಕಂಡಿತು.

"ನನ್ನ ಗಂಡನನ್ನು ಕೊಂದದ್ದು ನೀನೇ!" ಎಂದು ಚೀರಿತು.

"ನನ್ನನ್ನು ಬೀಳಿಸಿದ್ದು ನಿನ್ನ ಗಂಡನೇ," ಎಂದಿತು ವಿಮಾನ.

ಹದ್ದಿಗೆ ಅಳು ಬಂತು. ಆದರೂ ಒಂದು ಸಂದೇಹ ಅದನ್ನು ಬಿಡಲಿಲ್ಲ. "ನಿಮ್ಮ ಸದ್ದು ಕೇಳಿದರೆ ನಾವು ಈ ಕಡೆ ಸುಳಿಯುತ್ತಲೇ ಇರಲಿಲ್ಲ. ಇಂದು ಅವನೇಕೆ ಬಂದ?"

"ಅದನ್ನು ಈವರೆಗೆ ಯಾರೂ ಕೇಳಿಲ್ಲ. ನೀನೇ ಮೇಲಿನಿಂದ ನೋಡು."

ಹದ್ದು ಮೇಲೇರಿ ನೋಡಿತು. ರನ್‌ವೇ ಬೇಲಿಯಾಚೆ ಯಾರೋ ಕೋಳಿ ಅಂಗಡಿಯ ಕಸ ತಂದು ಸುರಿದಿದ್ದರು. ಅದರ ಮೇಲೆ ಹದ್ದುಗಳ ಹಿಂಡೇ ಕವಿದಿತ್ತು. ರನ್‌ವೇಯಲ್ಲಿ ಇನ್ನೊಂದು ವಿಮಾನ ಹೊರಡಲು ಗುಡುಗುತ್ತಿತ್ತು.

"ಏಳಿ! ಕೆರೆಯ ಕಡೆ ಹೋಗಿ!" ಎಂದು ಹದ್ದು ಹಿಂಡಿನ ಮೇಲೆ ಎರಗಿತು.

"ಗಂಡನನ್ನು ನುಂಗಿದವರ ಪರ ಮಾತಾಡುತ್ತೀಯಾ?" ಎಂದಿತು ಮುದಿ ಹದ್ದು.

"ತಪ್ಪು ಯಾರದೆಂದು ಆಮೇಲೆ ಜಗಳವಾಡೋಣ. ಅವನು ಇಲ್ಲಿಗೇಕೆ ಬಂದು ಸತ್ತನೆಂದು ನನಗೀಗ ಗೊತ್ತಾಗಿದೆ. ಮೊದಲು ಏಳಿ!"

ಹಿಂಡು ಎದ್ದು ಕೆರೆಯತ್ತ ಹೊರಳಿತು. ವಿಮಾನ ಬರಿದಾದ ಆಕಾಶವನ್ನು ಸೀಳಿಕೊಂಡು ಹೋಯಿತು.